ಟ್ರಂಕಿನಲ್ಲಿದ್ದ ಅರವತ್ತೆರಡು ಮುಖಗಳು

ನನ್ನ ಗಂಡ ಅಶ್ವತ್ಥನಾರಾಯಣ ದಿಲ್ಲಿಯ ಒಂದು ಸರ್ಕಾರಿ ಇಲಾಖೆಯ ಫೋಟೊ ವಿಭಾಗದಲ್ಲಿ ಮೂವತ್ತಮೂರು ವರ್ಷ ಡಾರ್ಕ್‌ರೂಮಿನ ಕೆಲಸ ಮಾಡಿದರು. ಮಂತ್ರಿಗಳು ಟೇಪು ಕತ್ತರಿಸುವುದು, ಮಂತ್ರಿಗಳು ಗಿಡ ನೆಡುವುದು, ಒಬ್ಬ ಮಂತ್ರಿ ಇನ್ನೊಬ್ಬ ಮಂತ್ರಿಯ ಕೈ ಕುಲುಕುವುದು, ಇಷ್ಟನ್ನೇ ತೊಳೆದು ಒಣಗಿಸಿ ಕೊಟ್ಟು ರಿಟೈರಾದರು. ಅದರಲ್ಲಿ ನೋಡುವಂಥದ್ದು ಒಂದೂ ಇರಲಿಲ್ಲ ಎಂದು ಅವರೇ ಹೇಳುತ್ತಿದ್ದರು. ನೋಡುವಂಥದ್ದು ಇದ್ದದ್ದು ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ.

ನಾನು ಲೀಲಾವತಿ. ಬಾಯಿ ಜೋರು ಎಂದು ಆರ್.ಕೆ. ಪುರಂ ಕ್ವಾರ್ಟರ್ಸಿನಲ್ಲೂ ಹೆಸರು ಮಾಡಿದ್ದೆ, ಈಗ ದ್ವಾರಕಾದ ಸೊಸೈಟಿಯಲ್ಲೂ ಮಾಡಿದ್ದೇನೆ. ಆ ಟ್ರಂಕಿನಲ್ಲಿದ್ದವರನ್ನು ನಾನು ಸವತಿಯರು ಎಂದೇ ಕರೆಯುತ್ತಿದ್ದೆ. ನಮ್ಮ ಮದುವೆಯಾದ ಹೊಸತರಲ್ಲಿ ಯಾವುದೋ ಸಿನಿಮಾ ಹಂಚಿಕೆದಾರರ ಆಫೀಸು ಮುಚ್ಚಿ, ಅದರ ರದ್ದಿಯೆಲ್ಲ ದರಿಯಾಗಂಜ್‌ನ ಭಾನುವಾರದ ಸಂತೆಯ ಫುಟ್‌ಪಾತಿಗೆ ಬಂದಿತ್ತು. ಅದರಲ್ಲಿ ಹಳೆಯ ಹಾಲಿವುಡ್ ತಾರೆಯರ ದೊಡ್ಡ ದೊಡ್ಡ ಕಪ್ಪು ಬಿಳುಪು ಫೋಟೊಗಳು. ಇವರು ಸೀರೆ ತರುತ್ತೇನೆಂದು ಹೋದವರು ಅವನ್ನು ಹೊತ್ತು ತಂದರು. ಅರವತ್ತೆರಡು. ಗಾರ್ಬೊ, ಡೀಟ್ರಿಚ್, ಬರ್ಗ್‌ಮನ್, ಗ್ಯಾರಿ ಕೂಪರ್, ಮತ್ತೆ ಹೆಸರೇ ಗೊತ್ತಿಲ್ಲದ ಎಷ್ಟೋ ಜನ. ನಾನು ಎರಡು ದಿನ ಮಾತು ಬಿಟ್ಟೆ. ಇವರಿಗೆ ಅದು ಗೊತ್ತೂ ಆಗಲಿಲ್ಲ.

ಭಾನುವಾರ ಬೆಳಗ್ಗೆ ಕಾಫಿ ಆದಮೇಲೆ ಕಿಟಕಿಯ ಹತ್ತಿರ ಚಾಪೆ ಹಾಸಿ, ಭೂತಗನ್ನಡಿ ಹಿಡಿದು ಕೂತರೆಂದರೆ ಹನ್ನೊಂದರವರೆಗೆ ಏಳುತ್ತಿರಲಿಲ್ಲ. ಆ ತಾರೆಯರ ಸಿನಿಮಾ ನೋಡಿದ್ದೀರಾ ಎಂದರೆ ಇಲ್ಲ. ನೋಡಬೇಕೆಂಬ ಆಸೆಯೂ ಇಲ್ಲ. "ಆ್ಯಕ್ಟಿಂಗ್ ಕಟ್ಟಿಕೊಂಡು ನನಗೇನು ಲೀಲಾ, ಬೆಳಕು ನೋಡು" ಎನ್ನುವರು. "ಕಣ್ಣೊಳಗೆ ಬಿಳಿ ಚುಕ್ಕಿ ಎಷ್ಟಿದೆ ಎಣಿಸು. ಅಷ್ಟು ದೀಪ ಇಟ್ಟಿದ್ದಾರೆ ಅಂತ ಅರ್ಥ. ಮೂಗಿನ ಕೆಳಗೆ ಪುಟ್ಟ ನೆರಳು ಬಿದ್ದಿದೆಯಲ್ಲ, ಅಂದರೆ ದೀಪ ನೆತ್ತಿಯ ಮೇಲಿನಿಂದ ಬರ್ತಿದೆ. ಇಲ್ಲಿ ಕೆನ್ನೆ ಮೇಲೆ ನೆಗೆಟಿವ್‌ಗೆ ಪೆನ್ಸಿಲ್ ಆಡಿಸಿದ್ದಾನೆ ನೋಡು, ಪುಣ್ಯಾತ್ಮ, ಗೆರೆ ಒಂದೂ ಕಾಣಲ್ಲ." ನಾನು ಹ್ಞೂಂ ಹ್ಞೂಂ ಎಂದು ಹುಳಿಗೆ ಬೇಳೆ ಇಡಲು ಏಳುತ್ತಿದ್ದೆ. ಮೂವತ್ತು ವರ್ಷದಲ್ಲಿ ಒಂದು ಫೋಟೊವನ್ನೂ ನೆಟ್ಟಗೆ ನೋಡಲಿಲ್ಲ.

ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ಪೇಪರಿನ ಸಾಲುಗಳು ಡೊಂಕಾಗಿ ಕಾಣುತ್ತಿವೆ ಎಂದರು. ಕನ್ನಡಕ ಬದಲಾಯಿಸಿದೆವು. ಆಮೇಲೆ ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಒಳ್ಳೆಯವರು, ಸುತ್ತಿ ಬಳಸಿ ಹೇಳಲಿಲ್ಲ. ಕಣ್ಣಿನ ಪರದೆಯ ನಡುಭಾಗ ಸಾಯುತ್ತಿದೆ, ಇದಕ್ಕೆ ಔಷಧಿಯಿಲ್ಲ, ಸುತ್ತಲಿನ ನೋಟ ಉಳಿಯುತ್ತದೆ, ನಡುವಿನದು ಹೋಗುತ್ತದೆ ಎಂದರು. ಹಾಗೇ ಆಯಿತು. ಒಂದೂವರೆ ವರ್ಷದಲ್ಲಿ ಇವರು ಯಾವುದನ್ನು ನೇರ ನೋಡಿದರೂ ಅದೇ ಮಾಯ. ಬಾಗಿಲು ಕಾಣುತ್ತದೆ, ಬೀಗ ಕಾಣುವುದಿಲ್ಲ. ನನ್ನ ಕಿವಿಯೋಲೆ ಕಾಣುತ್ತದೆ, ಸೆರಗು ಕಾಣುತ್ತದೆ, ಮುಖವಿರುವ ಕಡೆ ಬರೀ ಬಿಳಿ. ಇಡೀ ಜನ್ಮ ಮುಖಗಳನ್ನೇ ನೋಡಿಕೊಂಡು ಬಂದ ಮನುಷ್ಯನಿಗೆ ದೇವರು ಹುಡುಕಿ ಹುಡುಕಿ ಇದನ್ನೇ ಕೊಟ್ಟ.

ಪೂರ್ತಿ ಹೋಗುವ ಮೊದಲು, ಎರಡು ಸಾವಿರದ ಆರರ ಮಾರ್ಚಿನಲ್ಲಿ, ಟ್ರಂಕಿನ ಕೆಲಸವನ್ನು ನನಗೆ ಒಪ್ಪಿಸಿದ್ದರು. ಫೋಟೊಗಳು ಒಂದಕ್ಕೊಂದು ಅಂಟದಂತೆ ನಡುನಡುವೆ ಬೆಣ್ಣೆ ಕಾಗದ ಇಡುತ್ತಿದ್ದರು, ಎರಡು ವರ್ಷಕ್ಕೊಮ್ಮೆ ಹಳೆಯದು ತೆಗೆದು ಹೊಸದು ಹಾಕಬೇಕು. ಹೊಸ ಕಟ್ಟು ತಂದೂ ಇಟ್ಟಿದ್ದರು. ನಾನು ಹಳೆಯ ಕಾಗದವನ್ನೆಲ್ಲ ತೆಗೆದೆ. ಅಷ್ಟರಲ್ಲಿ ಯುಗಾದಿ ಬಂತು. ಸೊಸೈಟಿಯ ಆರು ಕನ್ನಡ ಸಂಸಾರಗಳು ಅಂದು ನಮ್ಮಲ್ಲೇ ಊಟಕ್ಕೆ ಬರುವ ರೂಢಿ. ಹೋಳಿಗೆ ತಟ್ಟಲು ಊರಿನಲ್ಲಾದರೆ ಹಿತ್ತಲಿಗೆ ಹೋದರೆ ಬಾಳೆಲೆ. ದ್ವಾರಕಾದಲ್ಲಿ ಬಾಳೆಲೆಗೆ ಅರ್ಧ ದಿನ ಅಲೆಯಬೇಕು. ಕೈಗೆ ಸಿಕ್ಕ ಬೆಣ್ಣೆ ಕಾಗದದ ಕಟ್ಟನ್ನು ಒಡೆದು ಅದರ ಮೇಲೇ ತಟ್ಟಿದೆ. ನಾಳೆ ಬೇರೆ ತಂದರಾಯಿತು ಎಂದುಕೊಂಡೆ. ಹೋಳಿಗೆ ಬಹಳ ಚೆನ್ನಾಗಿ ಬಂದಿತ್ತು, ಎಲ್ಲರೂ ಹೊಗಳಿದರು, ನಾನು ಕಾಗದವನ್ನು ಮರೆತೇಬಿಟ್ಟೆ.

ಮೇ ತಿಂಗಳಿಗೆ ಇವರು ಮಾತು ಬಿಟ್ಟರು. ಗೋಡೆಗೆ ಮುಖ ಮಾಡಿ ಕೂರುವರು. ಟ್ರಂಕು ಕಾಲಿಗೆ ತಾಗಿ ಮುಗ್ಗರಿಸಿದರೆಂದು ನಾನು ಅದನ್ನು ಕೂಲರಿನ ಹಿಂದಕ್ಕೆ ತಳ್ಳಿದೆ. ಜೂನಿನಲ್ಲಿ ಊಟ ಅರ್ಧವಾಯಿತು, ಜುಲೈಯಲ್ಲಿ ಎರಡು ತುತ್ತಿಗೆ ಬಂತು. ಒಂದು ಮಧ್ಯಾಹ್ನ ಏಳನೇ ಮಹಡಿಯ ಬಾಲ್ಕನಿಯ ಕಟಾಂಜನ ಹಿಡಿದು ಕೆಳಗೆ ಬಾಗಿ ನಿಂತಿದ್ದರು. "ಏನು ರೀ ಅಲ್ಲಿ?" ಎಂದೆ. "ಎಷ್ಟು ಆಳ ಇದೆ ಅಂತ ಕಾಣ್ತಾ ಇಲ್ಲ ಲೀಲಾ" ಎಂದರು. ಅಂದೇ ಬಾಲ್ಕನಿಗೆ ಬೀಗ ಹಾಕಿಸಿ ಕೀಲಿಕೈಯನ್ನು ತಾಳಿಸರಕ್ಕೆ ಕಟ್ಟಿಕೊಂಡೆ. ಆದರೆ ಹಸಿವಿಗೆ ಯಾವ ಬೀಗ ಹಾಕಲಿ? ಮನುಷ್ಯ ಕಣ್ಣೆದುರೇ ಕರಗುತ್ತಿದ್ದ. ಬೈದೆ, ಅತ್ತೆ, ಹರಕೆ ಹೊತ್ತೆ. ಯಾವುದೂ ನಾಟಲಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಗ್ಗೆ ಇವರೇ ಕರೆದರು. "ಲೀಲಾ, ಟ್ರಂಕಿನಿಂದ ಗಾರ್ಬೊ ತೆಗೆಯೇ. ನೀನು ನೋಡಿ ಹೇಳು, ನಾನು ಕೇಳಿ ನೋಡ್ತೀನಿ."

ನನಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಕೂಲರಿನ ಹಿಂದಿನಿಂದ ಟ್ರಂಕು ಎಳೆದೆ. ಕೂಲರಿಗೆ ನೀರು ಬಿಡುವ ಪೈಪು ಎರಡು ತಿಂಗಳಿಂದ ಅದರ ಮೇಲೇ ತೊಟ್ಟಿಕ್ಕಿತ್ತು. ಮುಚ್ಚಳ ತೆಗೆದರೆ ಹುಳಿ ವಾಸನೆ. ಅರವತ್ತೆರಡು ಫೋಟೊ ಒಂದೇ ಇಟ್ಟಿಗೆಯಾಗಿ ಕೂತಿತ್ತು. ಒಂದು ಮೂಲೆ ಎಬ್ಬಿಸಲು ನೋಡಿದೆ, ಯಾರದೋ ಹಣೆ ಕಿತ್ತು ನನ್ನ ಉಗುರಿಗೆ ಬಂತು.

ಹೇಳಿಬಿಡಬೇಕಿತ್ತು. ಹೇಳಿದ್ದರೆ ಆ ಮನುಷ್ಯ ಮತ್ತೆ ಗೋಡೆಗೆ ತಿರುಗುತ್ತಿದ್ದರು, ಆಮೇಲೆ ಇತ್ತ ತಿರುಗುತ್ತಿರಲಿಲ್ಲ. ನಾನು ಮುಚ್ಚಳ ಹಾಕಿ, ಗೋಡೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ತಂದು ಎದುರಿಗೆ ಕೂತೆ. "ಗಾರ್ಬೊ" ಎಂದೆ. "ಕಣ್ಣೊಳಗೆ ಎಷ್ಟು ದೀಪ?" ಎಂದರು. "ಎರಡು." "ಎರಡೂ ಕಣ್ಣಲ್ಲೂ?" "ಎರಡೂ ಕಣ್ಣಲ್ಲೂ." ಬಾಯಿಗೆ ಬಂದದ್ದು ಹೇಳುತ್ತ ಹೋದೆ. ಅಂದು ಇವರು ಎರಡು ಚಪಾತಿ ತಿಂದರು, ಮಜ್ಜಿಗೆ ಕೇಳಿ ಹಾಕಿಸಿಕೊಂಡರು.

ನಮ್ಮ ಮಗಳು ತನ್ವಿ ಗುಡಗಾಂವಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಳು. ಸಂಜೆ ಬಂದವಳಿಗೆ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಎಲ್ಲ ಹೇಳಿದೆ. "ಅಮ್ಮ, ಅಪ್ಪಾಂಗೆ ಬತಾ ದೋ ನಾ, ಹೇಳಿಬಿಡು. ಹೀಗೆ ಎಷ್ಟು ದಿನ ಚಲೇಗಾ?" ಎಂದಳು. "ಅವರು ಊಟ ಮಾಡ್ತಾ ಇರೋವರೆಗೆ" ಎಂದೆ. ಅವಳು ಪಾಪ, ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿ ದಪ್ಪ ಕಾಗದದ ಮೇಲೆ ಆ ತಾರೆಯರ ಚಿತ್ರ ತೆಗೆಸಿ ತರತೊಡಗಿದಳು. ಸಿಕ್ಕಿದ್ದೆಲ್ಲ ನಮ್ಮವಲ್ಲ. ಇವರಿಗೋ ಅರವತ್ತೆರಡೂ ಬಾಯಿಪಾಠ. "ಬರ್ಗ್‌ಮನ್ ಕೈ ಗಲ್ಲದ ಕೆಳಗೆ ಇಟ್ಟಿಲ್ವಾ?" ಎನ್ನುವರು. ಕಾಗದದಲ್ಲಿ ಕೈಯೇ ಇರದು. "ಅಯ್ಯೋ, ಇಟ್ಟಿದ್ದಾಳೆ, ನನ್ನ ಬೆರಳು ಅಡ್ಡ ಬಂದಿತ್ತು" ಎನ್ನುತ್ತಿದ್ದೆ. ಭಾನುವಾರ ದೇವಸ್ಥಾನಕ್ಕೆಂದು ಹೇಳಿ ಮೆಟ್ರೊ ಹತ್ತಿ, ಆಮೇಲೆ ಆಟೊ ಹಿಡಿದು ದರಿಯಾಗಂಜ್‌ಗೆ ಹೋಗುತ್ತಿದ್ದೆ. ಫುಟ್‌ಪಾತಿನುದ್ದಕ್ಕೂ "ಭಯ್ಯಾ, ಪುರಾನಿ ಅಂಗ್ರೇಜಿ ಹೀರೋಯಿನ್ ಕಾ ಫೋಟೊ" ಎಂದು ಕೇಳಿ ಕೇಳಿ ಗಂಟಲು ಒಣಗುತ್ತಿತ್ತು. ಮಾರುವವರು ಈಗಿನ ಹುಡುಗಿಯರ ಪೋಸ್ಟರು ಬಿಚ್ಚಿ ತೋರಿಸುವರು. ಅರವತ್ತರ ಹೆಂಗಸು ಆ ಬಿಸಿಲಲ್ಲಿ ಸವತಿಯರನ್ನು ಹುಡುಕಿಕೊಂಡು ಅಲೆದೆ. ಒಂದೂ ಸಿಗಲಿಲ್ಲ.

ಆ ಎರಡೂವರೆ ತಿಂಗಳಲ್ಲಿ ನನಗೆ ನೋಡುವುದು ಬಂತು. ಹಾಳಾದ ಬುದ್ಧಿ ಆಗ ಬಂತು. ಡೀಟ್ರಿಚ್‌ಳ ಕೆನ್ನೆ ಅಷ್ಟು ಒಳಗೆ ಹೋದಂತೆ ಕಾಣುವುದು ಮೇಲಿನ ದೀಪದಿಂದ ಎಂದು ನಾನೇ ಕಂಡುಕೊಂಡೆ. ಹೇಳಿದಾಗ ಇವರು ನಕ್ಕರು, ಒಂದು ವರ್ಷದ ಮೇಲೆ. ಆ ನಗು ನೋಡಿ ನನಗೆ ಖುಷಿಗಿಂತ ಭಯವೇ ಹೆಚ್ಚಾಯಿತು.

ದೀಪಾವಳಿಗೆ ವಾರವಿತ್ತು. ಕಣ್ಣು ಹೋದಮೇಲೆ ಬೆರಳಚ್ಚು ಬೀಳುತ್ತದೆಂದು ಫೋಟೊ ಮುಟ್ಟದ ಇವರು ಅಂದು "ಅಂಚು ಹಿಡ್ಕೋತೀನಿ, ಕೊಡು" ಎಂದರು. ಕೊಡದೆ ಇರಲು ನೆಪ ಹೊಳೆಯಲಿಲ್ಲ. ತೆಗೆದುಕೊಂಡವರು ಮೂಲೆಯನ್ನು ತುಟಿಗೆ ತಾಗಿಸಿದರು. ಡಾರ್ಕ್‌ರೂಮಿನವರ ಅಭ್ಯಾಸ ಅದು. ಕತ್ತಲಲ್ಲಿ ಕಾಗದದ ಯಾವ ಮಗ್ಗುಲಿಗೆ ಚಿತ್ರ ಮೂಡುವ ಲೇಪವಿದೆ ಎಂದು ತುಟಿಯಿಂದ ತಿಳಿಯುತ್ತಾರೆ, ಆ ಮಗ್ಗುಲು ಒಂಚೂರು ಅಂಟುತ್ತದೆ. ಇವರು ಒಂದು ಮಗ್ಗುಲು ತಾಗಿಸಿದರು, ತಿರುಗಿಸಿ ಇನ್ನೊಂದು ಮಗ್ಗುಲು ತಾಗಿಸಿದರು.

"ಇದು ಬರೀ ಕಾಗದ" ಎಂದರು. "ನನ್ನ ಫೋಟೊ ಎಲ್ಲಿ ಲೀಲಾ?"

ಎಲ್ಲ ಹೇಳಿದೆ. ಹೋಳಿಗೆ ಹೇಳಿದೆ, ಕೂಲರು ಹೇಳಿದೆ, ಕ್ಯಾಲೆಂಡರು ಹೇಳಿದೆ. ಬೈದಿದ್ದರೆ ಕಾಲು ಹಿಡಿದುಕೊಂಡು ಅಳುತ್ತಿದ್ದೆ. ಇವರು ಬೈಯಲಿಲ್ಲ. ಆ ಇಟ್ಟಿಗೆಯನ್ನು ತರಿಸಿ ತೊಡೆಯ ಮೇಲಿಟ್ಟುಕೊಂಡು ನಾಲ್ಕೂ ಅಂಚು ಸವರಿದರು, ಮೂಸಿದರು. "ನೀರಿಗೆ ಹಾಕೋಣ. ನೆನೆದರೆ ಒಂದೆರಡಾದರೂ ಬಿಟ್ಟುಕೊಳ್ಳಬಹುದು" ಎಂದರು. "ಒಂದು ಬಂದರೂ ಸಾಕು. ಮನೇಲಿ ಒಂದು ಮುಖ ಇದೆ ಅಂತ ಗೊತ್ತಿದ್ದರೆ ಸಾಕು ನನಗೆ."

ಬಟ್ಟೆ ನೆನೆಸುವ ಟಬ್ಬಿಗೆ ತಣ್ಣೀರು ತುಂಬಿ ಮೂರು ದಿನ ಇಟ್ಟೆವು. ನಾಲ್ಕನೇ ದಿನ ಬೆಳಗ್ಗೆ ಬಚ್ಚಲಲ್ಲಿ ಮಣೆ ಹಾಕಿಕೊಂಡು ಇಬ್ಬರೂ ಕೂತೆವು. "ನೆನೆದ ಚಿತ್ರ ಹಾಲಿನ ಕೆನೆ ಇದ್ದ ಹಾಗೆ. ಅಂಚು ಬಿಟ್ಟು ಎಲ್ಲೂ ಮುಟ್ಟಬೇಡ" ಎಂದು ಹತ್ತು ಸಲ ಹೇಳಿದರು. ನೀರೊಳಗೆ ಇವರ ಬೆರಳು ಒಂದೊಂದನ್ನೇ ಬಿಡಿಸುತ್ತಿತ್ತು. ನಾನು ಎತ್ತಿ ನೋಡಿ ಹೇಳಬೇಕು.

"ಏನುಳಿದಿದೆ?"

"ಮೂಗಿನ ಮೇಲೆ ಏನೂ ಇಲ್ಲ ರೀ."

"ಇದು?"

"ಬರೀ ಭುಜ."

ಒಬ್ಬೊಬ್ಬರ ಮುಖ ಮೇಲಿನವರ ಬೆನ್ನಿಗೆ ಅಂಟಿಕೊಂಡು ಚೂರುಚೂರಾಗಿ ಬರುತ್ತಿತ್ತು. ಈಗಲಾದರೂ ನಿಜ ಹೇಳಬೇಕೆಂದು ನಾನು ಒಂದನ್ನೂ ಮುಚ್ಚಿಡಲಿಲ್ಲ. ಹನ್ನೊಂದು ಗಂಟೆಗೆ ಐವತ್ತು ಮುಗಿದಿತ್ತು. ಪ್ರತಿ ಸಲ ಇವರ ದನಿ ಒಂದಿಷ್ಟು ಇಳಿಯುತ್ತಿತ್ತು. ಕೊನೆಕೊನೆಗೆ ಕೇಳುವುದನ್ನೇ ಬಿಟ್ಟರು. ನಾನೇ ಹೋಯಿತು ಎನ್ನುವುದು, ಇವರು ತಲೆಯಾಡಿಸುವುದು.

ಐವತ್ತೆಂಟನೆಯದೋ ಐವತ್ತೊಂಬತ್ತನೆಯದೋ, ಎತ್ತಿದೆ. ಪೂರ್ತಿ ಇತ್ತು. ಹೆಸರು ಗೊತ್ತಿಲ್ಲದ ಒಬ್ಬಳು, ಬಿಳಿ ಕೊರಳಪಟ್ಟಿ, ತಲೆ ಚೂರು ವಾಲಿಸಿದ್ದಾಳೆ. ಹಣೆ, ಹುಬ್ಬು, ತುಟಿ, ಒಂದು ಗೀರೂ ಇಲ್ಲ. ಹೇಗೆ ಉಳಿದಳೋ ಆ ಪುಣ್ಯಾತ್ಗಿತ್ತಿ.

"ರೀ, ಬಂತು ರೀ. ಪೂರ್ತಿ ಬಂದಿದೆ. ಕೊರಳಪಟ್ಟಿಯವಳು."

ಇವರು ತಲೆಯೆತ್ತಿದರು. "ಕಣ್ಣು?"

"ಎರಡೂ ಇದೆ. ಎರಡು ದೀಪ. ಎರಡೂ ಕಣ್ಣಲ್ಲೂ."

ಅಂದಮೇಲೆ ನನಗೇ ಕೇಳಿಸಿತು. ಎರಡೂವರೆ ತಿಂಗಳು ಕ್ಯಾಲೆಂಡರಿನ ಹಾಳೆ, ತನ್ವಿ ತಂದ ಕಾಗದ ಹಿಡಿದುಕೊಂಡು ಇದೇ ಮಾತನ್ನು ಇದೇ ರಾಗದಲ್ಲಿ ಹೇಳಿದ್ದೆ. ಇವರ ಮುಖದಲ್ಲಿ ಬಂದಿದ್ದ ಬೆಳಕು ಹಾಗೇ ಆರಿತು. ಫೋಟೊವನ್ನು ಕೈಗೆ ತೆಗೆದುಕೊಂಡು, ತಲೆ ವಾರೆ ಮಾಡಿ, ಕಡೆಗಣ್ಣಿನಿಂದ ನೋಡಲು ಹೆಣಗಿದರು.

"ಕೊರಳಪಟ್ಟಿ ಇದೆ, ಕೂದಲು ಇದೆ" ಎಂದರು. "ನಡುವೆ ಬಿಳಿ. ಹರಿದಿದೆ ಲೀಲಾ."

"ನಿಮ್ಮ ಕಣ್ಣಿಗೆ ಬಿಳಿ ರೀ ಅದು. ಫೋಟೊ ಸರಿಯಾಗಿದೆ. ತನ್ವಿ ಆಣೆಗೂ ಸರಿಯಾಗಿದೆ."

"ಇರಲಿ ಬಿಡು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು. "ನನಗಾಗಿ ತಾನೆ ಹೇಳೋದು ನೀನು. ಗೊತ್ತು ನನಗೆ. ಆದರೆ ಇನ್ನು ಬೇಡ." ಹೇಳುತ್ತಲೇ, ಹರಿದ ಕಾಗದದ ಮೇಲೆ ಕೈಯಾಡಿಸುವಂತೆ, ಹೆಬ್ಬೆರಳಿನಿಂದ ಅದರ ನಡುವನ್ನು ಒತ್ತಿ ಸವರಿದರು.

ನಾನು ಕೈ ಚಾಚುವುದರೊಳಗೆ ಮುಗಿದಿತ್ತು. ಅವಳ ಮುಖ ಜಾರಿ, ಮಡಿಸಿಕೊಂಡು, ಇವರ ಹೆಬ್ಬೆರಳಿಗೆ ಹತ್ತಿಕೊಂಡಿತು.

ಇವರ ಕೈ ಅಲ್ಲೇ ತಡೆಯಿತು. ಮೂವತ್ತಮೂರು ವರ್ಷದ ಬೆರಳು, ಅದಕ್ಕೆ ಏನೋ ಗೊತ್ತಾಗಿತ್ತು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡಿದರು.

"ಲೀಲಾ, ಇತ್ತಾ?"

"ಇಲ್ಲ ರೀ" ಎಂದೆ. "ಸುಳ್ಳು ಹೇಳಿದೆ. ಅದು ಮೊದಲೇ ಹೋಗಿತ್ತು. ಕೈಗೆ ಬಂದದ್ದು ಬರೀ ಲೋಳೆ."

"ಹೌದಾ?"

"ಹೌದು."

ಇವರು ಕೈಯನ್ನು ನನ್ನತ್ತ ಚಾಚಿದರು. ನಾನು ಸೆರಗಿನಿಂದ ಆ ಹೆಬ್ಬೆರಳನ್ನು ಒರೆಸಿದೆ. ಆ ಮಾತನ್ನು ಇವರು ನಂಬಿದರು.