ಚನ್ನಪ್ಪ ಆರಿಸುತ್ತಿದ್ದ ಹೋಟೆಲುಗಳು

ಬುಧವಾರ ವೆರ್ಣಾದಿಂದ ಮಗಳ ಫೋನು ಬಂತು. ಈ ರವಿವಾರ ಪಣಜಿಯಲ್ಲಿ ನಾಟಕವಿದೆಯಂತೆ, ನಾಲ್ಕು ಗಂಟೆಯ ಆಟ. ನಮ್ಮಿಬ್ಬರನ್ನೂ ಸೇರಿಸಿ ನಾಲ್ಕು ಟಿಕೆಟು ತೆಗೆದಿಟ್ಟಿದ್ದಾಳೆ. ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನು ಈ ಕಾಗದ ಪೆನ್ನು ಹಿಡಿಯುತ್ತಿರಲಿಲ್ಲ. "ಅಪ್ಪಾ, ನಾಟಕ ಮುಗದ ಮ್ಯಾಲೆ ಊಟಾ ಎಲ್ಲಿ ಮಾಡೂಣು? ಮೊಬೈಲಿನ್ಯಾಗ ನೋಡಾಕತ್ತೇನಿ. ಒಂದ ಹೋಟೆಲಿಗೆ ನಾಲ್ಕ ಚುಕ್ಕಿ ಅದಾವು, ಇನ್ನೊಂದಕ್ಕ ನಾಲ್ಕೂವರಿ" ಅಂದಳು.

ಆ ಅರ್ಧ ಚುಕ್ಕಿಯನ್ನು ಯಾರು ಯಾವ ಪಲ್ಯ ತಿಂದು ಕೊಟ್ಟರೋ ನನಗೆ ತಿಳಿಯದು. ಚನ್ನಪ್ಪ ಇದ್ದಿದ್ದರೆ ಕೇಳುತ್ತಿದ್ದ. ಇದ್ದಿದ್ದರೆ ಅಂದೆನಲ್ಲ, ಅವನು ಇದ್ದಾನೆ, ಸಾಂಖಳಿಯಲ್ಲಿ ಸೋದರಳಿಯನ ಮನೆಯಲ್ಲಿ. ನನ್ನ ಮಟ್ಟಿಗೆ ಅವನನ್ನು ಇಲ್ಲದವನನ್ನಾಗಿ ಮಾಡಿಕೊಂಡು ಮೂವತ್ತು ವರ್ಷಗಳ ಮೇಲಾಯಿತು.

ಗೋವೆಯ ಡಿಚೋಲಿ ಪೇಟೆಯಲ್ಲಿ ನಮ್ಮವು ಅಕ್ಕಪಕ್ಕದ ಅಂಗಡಿಗಳು. ನನ್ನದು ಅರಿವೆಯದು, ಅವನದು ಅದಿರಿನ ಲಾರಿಗಳಿಗೆ ಹೊದಿಸುವ ತಾಡಪತ್ರಿ ಮತ್ತು ಹಗ್ಗದ್ದು. ಇಬ್ಬರೂ ಬೆಳಗಾವಿ ಕಡೆಯವರು. ಅವನ ಹೆಂಡತಿ ಮದುವೆಯಾದ ಎರಡೇ ವರ್ಷಕ್ಕೆ ತೀರಿಕೊಂಡಿದ್ದಳು. ಮತ್ತೆ ಮದುವೆಯಾಗದೆ ತಾಯಿ ಗಂಗವ್ವನ ಜೊತೆ ಇದ್ದ. ಗಂಗವ್ವನಿಗೆ ನಾಟಕವೆಂದರೆ ಪ್ರಾಣ. ಕನ್ನಡ, ಮರಾಠಿ, ಕೊಂಕಣಿ, ಭಾಷೆ ಯಾವುದಾದರೂ ಸರಿ, ಪರದೆ ಮೇಲೇರಿದರೆ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಡುತ್ತಿದ್ದಳು. ಹೀಗಾಗಿ ಎಂಬತ್ತರ ದಶಕದಲ್ಲಿ, ಎರಡು ಮೂರು ತಿಂಗಳಿಗೊಮ್ಮೆ, ರವಿವಾರ ಮಧ್ಯಾಹ್ನ ನಾವು ನಾಲ್ವರು ಬಾಡಿಗೆ ಜೀಪಿನಲ್ಲಿ ಪಣಜಿಗೆ ಹೊರಡುತ್ತಿದ್ದೆವು: ನಾನು, ನನ್ನ ಹೆಂಡತಿ ಶಾಂತಾ, ಚನ್ನಪ್ಪ, ಗಂಗವ್ವ.

ನಾಟಕ ಯಾವುದೆಂದು ನಿಶ್ಚಯಿಸುವವರು ಯಾರಾದರೂ ಆಗಲಿ, ತಿನ್ನುವುದು ಎಲ್ಲಿ ಎಂಬುದು ಚನ್ನಪ್ಪನದೇ. ನಾವು ಮಾಂಸ, ಮೀನು, ತತ್ತಿ ಮುಟ್ಟದವರು, ಗಂಗವ್ವನಂತೂ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಕಡು ನೇಮದ ಹೆಂಗಸು. ಮೀನಿನ ಸೀಮೆಯಲ್ಲಿ ಅಂಥವರಿಗೆ ಒಂದು ಊಟದ ಜಾಗ ಹುಡುಕುವುದು ಹುಡುಗಾಟವಲ್ಲ. ಚನ್ನಪ್ಪ ಶುಕ್ರವಾರ ಹಗ್ಗ ತರಲು ಪಣಜಿಗೆ ಹೋದಾಗಲೇ ಈ ಕೆಲಸ ಮುಗಿಸಿ ಬರುತ್ತಿದ್ದ. ಹೋಟೆಲಿಗೆ ಹೋಗಿ ಬರೀ ಒಂದು ಲೋಟ ನೀರು ಕೇಳುವುದು. ಕುಡಿದು, ಖಾಲಿ ಲೋಟವನ್ನು ಮೂಗಿನ ಹತ್ತಿರ ಹಿಡಿಯುವುದು. ಮೀನಿನ ವಾಸನೆ ಇದ್ದರೆ ಎದ್ದು ಬರುವುದು. ಇಲ್ಲದಿದ್ದರೆ ಅಡುಗೆಯವನನ್ನು ಮಾತಾಡಿಸಿ ಒಳಗೆ ಹೋಗಿ ಸೌಟು ಬೇರೆಯೇ, ಎಣ್ಣೆ ಬೇರೆಯೇ ಎಂದು ನೋಡುವುದು. ಇಷ್ಟೇ ಅಲ್ಲ, ಸಿಹಿ ಯಾವಾಗ ಎಂಬುದಕ್ಕೂ ಅವನಲ್ಲಿ ಒಂದು ಶಾಸ್ತ್ರವಿತ್ತು. ಅಳಿಸುವ ನಾಟಕವಾದರೆ ಸಿಹಿ ಮೊದಲೇ ತಿನ್ನಬೇಕು, ಯಾಕೆಂದರೆ ಅತ್ತ ಗಂಟಲಿಗೆ ಸಿಹಿ ಹತ್ತುವುದಿಲ್ಲ. ನಗಿಸುವುದಾದರೆ ಊಟದ ನಂತರ.

ಶಾಂತಾ ಈ ಶಾಸ್ತ್ರಕ್ಕೆ ಮಾರುಹೋಗಿದ್ದಳು. "ಚನ್ನಪ್ಪಣ್ಣಾರು ಆರಿಸಿದ ಹೋಟೆಲಿನ್ಯಾಗ ಕಣ್ಣ ಮುಚ್ಚಿ ಉಣಬೇಕು" ಎಂದು ಓಣಿಯ ತುಂಬ ಹೇಳಿಕೊಂಡು ಬರುತ್ತಿದ್ದಳು. ನೀವು ಬೇರೆ ಅರ್ಥ ಮಾಡಿಕೊಳ್ಳಬೇಡಿ. ಅವಳು ಅವನನ್ನು ಒಡಹುಟ್ಟಿದವನಂತೆ ಕಂಡಳು. ಅಂಥ ಸಂಶಯ ನನಗೆ ಒಂದು ದಿನವೂ ಬರಲಿಲ್ಲ. ನನ್ನ ಹೊಟ್ಟೆಕಿಚ್ಚು ಅದಕ್ಕಿಂತ ಸಣ್ಣದು, ಆದ್ದರಿಂದಲೇ ಹೇಳಿಕೊಳ್ಳಲು ನಾಚಿಕೆ. ನಾನು ಅವಳಿಗೆ ಇಳಕಲ್ಲಿನ ಸೀರೆ ತಂದುಕೊಟ್ಟರೆ "ಚಲೋ ಐತಿ" ಎನ್ನುತ್ತಿದ್ದಳು. ಅವನು ಒಂದು ಬಟಾಟೆ ಭಾಜಿ ತೋರಿಸಿದರೆ ತಿಂಗಳುಗಟ್ಟಲೆ ಅದರದೇ ಮಾತು. ಒಂದು ಭಾಜಿಯ ಮೇಲೆ ಗಂಡಸೊಬ್ಬ ಎಷ್ಟು ದಿನ ಮುನಿಸಿಕೊಳ್ಳಬಹುದು? ನಾನು ಹತ್ತಿರ ಹತ್ತಿರ ಆರು ವರ್ಷ ಮುನಿಸಿಕೊಂಡೆ.

ಕಡೆಗೊಮ್ಮೆ, ಈ ಸಲ ಹೋಟೆಲು ನನ್ನದು ಎಂದು ಹಟ ಹಿಡಿದೆ. ಚನ್ನಪ್ಪ ಸಂತೋಷದಿಂದಲೇ ಒಪ್ಪಿದ. ನಾನು ಲೋಟ ಮೂಸಲಿಲ್ಲ. ಮೇಜಿಗೆ ಬಿಳಿ ಅರಿವೆ ಹಾಸಿದ್ದನ್ನು ನೋಡಿ ಆರಿಸಿದೆ. ಅರಿವೆಯ ವ್ಯಾಪಾರಿಗೆ ಮತ್ತೇನು ಕಂಡೀತು? ಪಕ್ಕದ ಮೇಜಿನವನ ತಾಟಿನಲ್ಲಿ ತೆಂಗಿನ ತುರಿ, ಉಳ್ಳಾಗಡ್ಡಿ ಕಲಸಿದ್ದು ಕಂಡಿತು. ನಮ್ಮ ಕೋಸಂಬರಿಯಂತೆಯೇ ಇತ್ತು. ಹೆಸರು ಕೇಳಿದರೆ ಕಿಸ್ಮೂರ್ ಎಂದರು. ನಾಲ್ಕು ತಟ್ಟೆ ತರಿಸಿದೆ. ಗಂಗವ್ವ ಬೆರಳಿನಿಂದ ಎತ್ತಿ ಬಾಯಿಗೆ ಒಯ್ಯುವಷ್ಟರಲ್ಲಿ ಚನ್ನಪ್ಪ ಮೆಲ್ಲಗೆ ಆಕೆಯ ಮುಂಗೈ ಹಿಡಿದ. ಕಿಸ್ಮೂರಿನ ಜೀವವೇ ಒಣ ಸುಂಗಟವಂತೆ, ಅಂದರೆ ಒಣಗಿಸಿದ ಸೀಗಡಿ. ಗೋವೆಯಲ್ಲಿ ಹದಿನೈದು ವರ್ಷ ಅಂಗಡಿ ಇಟ್ಟವನಿಗೆ ಇದು ಗೊತ್ತಿರಲಿಲ್ಲ.

ಚನ್ನಪ್ಪ ನನ್ನನ್ನು ಹಂಗಿಸಿದ್ದರೆ ನಾನು ಇನ್ನೊಂದು ದಾರಿ ಹಿಡಿಯುತ್ತಿದ್ದೆನೇನೋ. ಅವನು ನಗಲಿಲ್ಲ, ನೋಡಿದರೆ ಯಾರಿಗೂ ತಿಳಿಯುವುದಿಲ್ಲ ಬಿಡು ಎಂದು ತಟ್ಟೆಗಳನ್ನು ಸರಿಸಿ, ಎಲ್ಲರಿಗೂ ಮೊಸರನ್ನ ತರಿಸಿದ. ಆ ಮೊಸರನ್ನ ಇಂದಿಗೂ ನನ್ನ ಗಂಟಲಲ್ಲೇ ಇದೆ.

ತೊಂಬತ್ತರ ಆಚೀಚೆ ಒಂದು ರವಿವಾರ. ಅಳಿಸುವ ನಾಟಕ, ಆದ್ದರಿಂದ ಸಿಹಿ ಮೊದಲು. ಪಣಜಿಯ ಹಳೆಯ ಓಣಿಯೊಂದರಲ್ಲಿ ಮಾರಿಯಾಬಾಯಿ ಎಂಬ ಕ್ರಿಸ್ತರ ಮುದುಕಿ ಮನೆಯಲ್ಲೇ ಸಿಹಿ ಮಾಡಿ ಮಾರುತ್ತಿದ್ದಳು. ಚನ್ನಪ್ಪ ಆಕೆಯ ದೋದೋಲ್ ಗೊತ್ತುಮಾಡಿದ್ದ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಕಪ್ಪು ಬೆಲ್ಲ ಸೇರಿಸಿ ತಾಸುಗಟ್ಟಲೆ ತಿರುವಿ ಮಾಡುವ ಕರಿಯ ಹಲ್ವ ಅದು. ನಾವಿಬ್ಬರು ಒಳಗೆ ಹೋದೆವು. ನನ್ನೆದುರಿಗೇ ಚನ್ನಪ್ಪ ತತ್ತಿ ಹಾಕುತ್ತೀಯಾ ಎಂದು ಮತ್ತೊಮ್ಮೆ ಕೇಳಿದ. ತತ್ತಿ ಬೀಳುವುದು ಬೆಬಿಂಕಾ ಎಂಬ ಪದರು ಸಿಹಿಗೆ, ದೋದೋಲಿಗಲ್ಲ ಎಂದು ಆಕೆ ಕೊಂಕಣಿಯಲ್ಲಿ ಸ್ಪಷ್ಟವಾಗಿ ಹೇಳಿದಳು. ಅವನು ದೋದೋಲ್ ಹಿಡಿದು ಹೊರಗೆ ಹೋದ ಮೇಲೆ ನನ್ನ ಕಣ್ಣಿಗೆ ಬಿತ್ತು, ಒಲೆಯ ಪಕ್ಕದ ಬುಟ್ಟಿಯಲ್ಲಿ ತತ್ತಿಯ ಸಿಪ್ಪೆಗಳಿದ್ದವು. ಯಾರದೋ ಮದುವೆಗೆ ಬೆಬಿಂಕಾ ಮಾಡುತ್ತಿದ್ದೇನೆಂದು ಹೇಳಿ ಅದನ್ನೂ ಆಕೆಯೇ ನನಗೆ ತೋರಿಸಿದಳು. ಗಂಗವ್ವ ಎರಡು ತುಂಡು ತಿಂದು ಮೂರನೆಯದನ್ನು ಕೇಳಿ ಪಡೆದಳು.

ನಾಟಕ ಮುಗಿದು ಊಟಕ್ಕೆ ಕುಳಿತಾಗಲೂ ಅದೇ ಮಾತು. ಚನ್ನಪ್ಪ ಕೈ ತೊಳೆಯಲು ಎದ್ದು ಹೋಗಿದ್ದ. "ಚನ್ನಪ್ಪಣ್ಣಾರು ಇಲ್ಲದಿದ್ರ ನಮಗ ಇದೆಲ್ಲಾ ಎಲ್ಲಿ ಸಿಗತಿತ್ತು? ನಮ್ಮವರು ಸುಂಗಟ ತಿನಸೂ ಮಂದಿ" ಎಂದು ಶಾಂತಾ ನಕ್ಕಳು. ಗಂಗವ್ವನೂ ನಕ್ಕಳು.

"ತತ್ತಿ ತಿಂದ ಬಾಯಿಲೆ ಸುಂಗಟದ ಮಾತ್ಯಾಕ?" ಅಂದೆ.

ಮಾತು ಬಾಯಿಯಿಂದ ಬಿದ್ದ ಮೇಲೂ ಎತ್ತಿಕೊಳ್ಳಲು ಸಮಯವಿತ್ತು. ನಾನು ಎತ್ತಿಕೊಳ್ಳಲಿಲ್ಲ. ಒಲೆಯ ಹತ್ತಿರ ಸಿಪ್ಪೆಗಳನ್ನು ಕಣ್ಣಾರೆ ಕಂಡೆ, ಹೇಳಿ ಎಲ್ಲರ ಮನಸ್ಸು ಕೆಡಿಸುವುದು ಬೇಡವೆಂದು ಸುಮ್ಮನಿದ್ದೆ ಎಂದು ಸೇರಿಸಿದೆ. ಕಂಡದ್ದು ಖರೆ ನೋಡಿ, ಅದಕ್ಕೇ ಸುಳ್ಳು ಸಲೀಸಾಗಿ ಬಂತು. ಚನ್ನಪ್ಪ ಬಂದು ಕುಳಿತಾಗ ಗಂಗವ್ವ ಅವನನ್ನೇ ಕೇಳಿದಳು. ಅವನು ಅವ್ವನಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದ.

"ನೀ ನೋಡಿದಿ?"

"ನೋಡಿದೆ."

"ಹಂಗಾರ ಇದ್ದೀತು" ಅಂದ.

ಗಂಗವ್ವ ಮಗನನ್ನು ಬಯ್ಯಲಿಲ್ಲ. ತಪ್ಪು ತನ್ನ ನಾಲಿಗೆಯದು, ಮೂರನೆಯ ತುಂಡು ಕೇಳಿದವಳು ತಾನೇ ಅಂದಳು. ಮನೆಗೆ ಬಂದು ಲಿಂಗದ ಮುಂದೆ ಏನು ಹರಕೆ ಹೊತ್ತಳೋ, ಅಂದಿನಿಂದ ನಾಟಕ ಬಿಟ್ಟಳು. ಐದಾರು ವರ್ಷ ಬದುಕಿದ್ದಳು, ಒಂದನ್ನೂ ನೋಡಲಿಲ್ಲ. ಪೇಟೆಯಲ್ಲಿ ನಾಟಕದ ಜಾಹೀರಾತು ಕೂಗುತ್ತ ರಿಕ್ಷಾ ಬಂದರೆ ಎದ್ದು ಒಳಕ್ಕೆ ಹೋಗುತ್ತಿದ್ದಳು. ನನ್ನ ಅಂಗಡಿಯ ಗಲ್ಲೆಯಿಂದ ಅವರ ಕಟ್ಟೆ ಚೆನ್ನಾಗಿ ಕಾಣುತ್ತಿತ್ತು, ಹಾಗಾಗಿ ಬಲ್ಲೆ. ಚನ್ನಪ್ಪನೂ ಯಾರಿಗೂ ಹೋಟೆಲು ತೋರಿಸಲಿಲ್ಲ. ಶಾಂತಾ ಕೇಳಿದಾಗ "ನನಗ ಅಷ್ಟ ತಿಳಿಯೂದಿಲ್ಲವ್ವಾ ತಂಗಿ" ಅಂದನಂತೆ. ಆಮೇಲೆ ಎರಡು ಸಲ ನಾನು ಅವಳನ್ನು ಕರೆದೊಯ್ದೆ. ಹೋಟೆಲು ಆರಿಸಿದವನು ನಾನೇ. ಚೆನ್ನಾಗಿತ್ತೇ ಎಂದು ಕೇಳಿದರೆ "ಹೊಟ್ಟಿ ತುಂಬಿತು" ಅನ್ನುತ್ತಿದ್ದಳು.

ಮಗಳ ಫೋನಿನ ನಂತರ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಿನ್ನೆ ಶುಕ್ರವಾರ ಬಸ್ಸು ಹತ್ತಿ ಸಾಂಖಳಿಗೆ ಹೋದೆ. ಚನ್ನಪ್ಪ ಪಡಸಾಲೆಯಲ್ಲಿ ಕುಳಿತಿದ್ದ, ಒಂದು ಕಣ್ಣಿನ ಆಪರೇಶನ್ ಆಗಿದೆ. ಎಲ್ಲವನ್ನೂ ಹೇಳಿದೆ. ಲಾರಿಗಳ ಸದ್ದು ಬಂದಾಗ ನಿಲ್ಲಿಸಿ, ಹೋದ ಮೇಲೆ ಮತ್ತೆ ಹೇಳಿದೆ. ಅವನು ಬಯ್ಯುತ್ತಾನೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾನೆ ಎಂದು ಎರಡಕ್ಕೂ ತಯಾರಾಗಿದ್ದೆ. ಅವನು ಎರಡನ್ನೂ ಅನ್ನಲಿಲ್ಲ.

"ಮರದಿವಸ ನಾ ಆ ಮಾರಿಯಾಬಾಯಿ ಮನಿಗೆ ಹೋಗಿದ್ದೆ. ನಿನಗ ಹೇಳಲಿಲ್ಲ" ಅಂದ.

ಬಾಗಿಲಲ್ಲೇ ನಿಂತು, ಸಿಹಿ ಕೊಳ್ಳಲು ಬಂದವರ ಮುಂದೆ, ಆಕೆಯನ್ನು ಸುಳ್ಳಿ ಎಂದು ಬಾಯಿಗೆ ಬಂದಂತೆ ಬೈದನಂತೆ. ನನ್ನ ತಾಯಿಯ ನೇಮ ಕೆಡಿಸಿದಿ ಅಂದನಂತೆ. ಮುದುಕಿ ಕೊರಳಿನ ಶಿಲುಬೆ ಮುಟ್ಟಿ ಆಣೆ ಮಾಡಿದಳಂತೆ. ಬಂದವರಲ್ಲಿ ಇಬ್ಬರು ಕೊಂಡದ್ದನ್ನು ಇಟ್ಟು ಹೋದರಂತೆ.

"ನಾ ಆಕಿ ಮಾತ ಕೇಳಲಿಲ್ಲೋ. ನನ್ನ ಗೆಳ್ಯಾ ತನ್ನ ಕಣ್ಣಿಲೆ ನೋಡ್ಯಾನ, ಅಂವ ಸುಳ್ಳ ಹೇಳೂ ಮನಿಶ್ಯಾ ಅಲ್ಲ ಅಂದೆ."

ಆ ಮುದುಕಿ ಇನ್ನೂ ಇದ್ದಾಳೋ ಇಲ್ಲೋ ಅಂದ. ನನ್ನನ್ನು ಕೇಳಿದ್ದಲ್ಲ, ತನ್ನನ್ನೇ ಕೇಳಿಕೊಂಡದ್ದು. ರವಿವಾರ ಇಬ್ಬರೂ ಆಕೆಯ ಮನೆಗೆ ಹೋಗೋಣ ಅಂದೆ, ಒಪ್ಪಿದ.

ನನ್ನ ಹೊರೆ ಇಳಿಸಲು ಹೋದವನು ಎಂಬತ್ತರ ಹತ್ತಿರದ ಮನುಷ್ಯನ ತಲೆಯ ಮೇಲೆ ಹೊಸ ಹೊರೆ ಇಟ್ಟು ಬಂದಿದ್ದೇನೆ. ಅವನ ಮೂಗಿನ ಮೇಲೆ, ನಾಲಿಗೆಯ ಮೇಲೆ ನಾನು ವರ್ಷಗಟ್ಟಲೆ ಕಣ್ಣಿಟ್ಟು ಉರಿದೆ. ಅವನು ನನ್ನ ಮಾತಿನ ಮೇಲೆ ಇಟ್ಟಿದ್ದ ನಂಬಿಕೆ ನನ್ನ ಕಣ್ಣಿಗೆ ಬೀಳಲೇ ಇಲ್ಲ. ರಾತ್ರಿ ಶಾಂತಾಗೂ ಹೇಳಿದೆ. "ಗಂಗವ್ವಾಯಿ ನಾಟಕ ಬಿಟ್ಟದ್ದು ಇದಕ್ಕೇನ್ರಿ?" ಎಂದು ಒಮ್ಮೆ ಕೇಳಿದಳು. ಹೂಂ ಅಂದೆ. ಇಂದು ಹೊತ್ತಿಗೆ ಸರಿಯಾಗಿ ನನಗೆ ಊಟ ಬಡಿಸಿ, ತನ್ನ ತಾಟು ಹಿಡಿದು ಅಡುಗೆಮನೆಗೆ ಹೋದಳು.

ಊಟದ ಜಾಗ ನೀವೇ ನೋಡಿಕೊಳ್ಳಿ ಎಂದು ಮಗಳಿಗೆ ತಿಳಿಸಿದ್ದೇನೆ. ನಾಟಕ ನಾಲ್ಕಕ್ಕೆ. ಚನ್ನಪ್ಪನೂ ನಾನೂ ನಾಳೆ ಎರಡಕ್ಕೇ ಆ ಓಣಿ ಸೇರುತ್ತೇವೆ. ಆಕೆ ಇಲ್ಲದಿದ್ದರೆ ಮಕ್ಕಳೋ ಮೊಮ್ಮಕ್ಕಳೋ ಇದ್ದಾರು. ಒಳಗೆ ಕೂತು ಪಿಸುಗುಟ್ಟಿ ಬರುವಂತಿಲ್ಲ, ಅವನು ಬೈದ ಹಾಗೆಯೇ ಬಾಗಿಲಲ್ಲಿ ನಿಂತು, ಬಂದುಹೋಗುವವರಿಗೂ ಕೇಳುವಂತೆ ಹೇಳಬೇಕು. ಐವತ್ತು ವರ್ಷ ಕೊಂಕಣಿಯಲ್ಲೇ ಅರಿವೆ ಮಾರಿದವನು ನಾನು. ಅಳತೆ, ಬಣ್ಣ, ದರ, ಚೌಕಾಸಿ, ಯಾವುದಕ್ಕೂ ತಡವರಿಸಿದವನಲ್ಲ. ಬೆಳಗಿನಿಂದ ಗಲ್ಲೆಯಲ್ಲಿ ಕುಳಿತು ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದೇನೆ: ಹಾಂವೆಂ ಫಟ್ ಮಾರ್ಲಿ, ಸುಳ್ಳು ಹೇಳಿದವನು ನಾನು. ಗಿರಾಕಿ ಬಂದರೆ ಬಾಯಿ ಮುಚ್ಚಿಕೊಳ್ಳುತ್ತೇನೆ.