ಹುಗ್ಗಿಗೆ ಹಾಕಿದ ಬೆಲ್ಟು

ಅತ್ತೆಯ ಕಣ್ಣಿನ ಆಪರೇಷನ್ ಸರಿಹೋದರೆ ಸೋಮವಾರ ಮಡಿಯಲ್ಲಿ ಸಿಹಿ ಹುಗ್ಗಿ ಮಾಡಿ ತರುತ್ತೇನೆಂದು ಈಶ್ವರನಿಗೆ ಹರಕೆ ಹೊತ್ತಿದ್ದೆ. ಸರಿಹೋಯಿತು. ನಮ್ಮ ಮನೆ ಚಿಕ್ಕಬಳ್ಳಾಪುರದಲ್ಲಿ, ಗುಡಿ ನಂದಿಯ ಆಚೆ. ಅರ್ಚಕರು ನಮ್ಮೂರಿನಿಂದಲೇ ಸ್ಕೂಟರಿನಲ್ಲಿ ಹೋಗಿ, ಹನ್ನೆರಡಕ್ಕೆ ಮಂಗಳಾರತಿ ಮುಗಿಸಿ ಬೀಗ ಹಾಕುತ್ತಾರೆ. ಅಷ್ಟರೊಳಗೆ ಹುಗ್ಗಿ ಮುಟ್ಟಬೇಕು. ಬಸ್ಸಿನಲ್ಲಿ ಮಡಿ ಉಳಿಯುವುದಿಲ್ಲವೆಂದು ಕಾರು ತೆಗೆದೆ.

ಸ್ಟೇರಿಂಗು, ಗೇರು ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆ. ಸೀಟಿಗೆ ಒಗೆದ ಪಂಚೆ ಹಾಸಿದ್ದೆ. ಬೆಲ್ಟು ಮಾತ್ರ ಮರೆತುಹೋಗಿತ್ತು. ಯಜಮಾನರ ಬೆವರು, ಕೊಬ್ಬರಿ ಎಣ್ಣೆ ಕುಡಿದ ಆ ಪಟ್ಟಿಯನ್ನು ಮಡಿಸೀರೆಯ ಮೇಲೆ ಹೇಗೆ ಎಳೆದುಕೊಳ್ಳಲಿ? ನನಗೆ ಶಿವನಿದ್ದಾನೆ ಎಂದುಕೊಂಡೆ. ಹುಗ್ಗಿಯ ವಿಷಯದಲ್ಲಿ ಅಷ್ಟು ಧೈರ್ಯ ಬರಲಿಲ್ಲ. ಪಾತ್ರೆಯನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಬಿಗಿದೆ. ಆ ಕಡೆಯದನ್ನು ನಮ್ಮ ಮನೆಯಲ್ಲಿ ಯಾರೂ ಹಾಕಿದ್ದೇ ಇಲ್ಲ, ಹೊಸದರಂತೆಯೇ ಇದೆ.

ಊರು ದಾಟುತ್ತಲೇ ಪೊಲೀಸ್ ಹುಡುಗಿಯೊಬ್ಬಳು ಕೈ ಅಡ್ಡ ಹಿಡಿದಳು.

"ಏನಮ್ಮ, ಪಾತ್ರೆಗೆ ಬೆಲ್ಟ್ ಹಾಕಿದೀರ. ನಿಮಗೆ?"

"ಮಡೀಲಿದೀನಿ ಕಣಮ್ಮ. ಬೆಲ್ಟ್ ಒಗೆದಿಲ್ಲ."

"ನಮ್ಮಜ್ಜಿನೂ ಹಿಂಗೇ. ಆದ್ರೆ ಅವ್ರು ಕಾರ್ ಓಡ್ಸಲ್ಲ."

ದಂಡದ ರಸೀತಿ ಕೊಟ್ಟಳು. ಹೊರಡಲು ಮಾತ್ರ ಬಿಡಲಿಲ್ಲ.

"ಹಾಕ್ಕೊಂಡೇ ಹೋಗ್ಬೇಕು."

"ದೇವರಿಗೆ ಹೊತ್ತಾಯ್ತಮ್ಮ."

"ಕಾಯ್ತಾನೆ, ಹಾಕ್ಕೊಳಿ."

ಹಾಕಿಕೊಂಡೆ. ಮಡಿಯೂ ಹೋಯಿತು, ಹೊತ್ತೂ ಹೋಯಿತು. ಗುಡಿ ಮುಟ್ಟಿದಾಗ ಹನ್ನೆರಡೂಕಾಲು, ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕುಳಿತು, ಪಂಚೆ ಒಗೆದವಳಿಗೆ ಬೆಲ್ಟು ಒಗೆಯಲು ಏನಾಗಿತ್ತು ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಸ್ಕೂಟರಿನ ಸದ್ದಾಯಿತು. ಮೈಮೇಲೆ ಉತ್ತರೀಯ, ಜುಟ್ಟಿನ ಮೇಲೆ ಹೆಲ್ಮೆಟ್ಟು. ನಮ್ಮ ಅರ್ಚಕರು.

"ಇರಮ್ಮ, ನಾನೇ ಈಗ ಬರ್ತಿದೀನಿ. ಮಡಿ ಅಂತ ಹೆಲ್ಮೆಟ್ ಡಿಕ್ಕೀಲಿಟ್ಟಿದ್ದೆ, ಅಡ್ಡ ಹಾಕಿದ್ರು."

ನನ್ನ ರಸೀತಿ ತೋರಿಸಿದೆ.

"ನಿಂಗೂನಾ? ಸರಿ, ತಲೆ ಮೇಲೆ ನೀರು ಸುರ್ಕೊಂಡು ಬರಣ."

ಗುಡಿಯ ನಲ್ಲಿಯಲ್ಲಿ ನೀರು ಬರುತ್ತಿತ್ತು, ಹುಗ್ಗಿ ಇನ್ನೂ ಬಿಸಿಯಿತ್ತು. ಅಷ್ಟು ಅವನ ದಯೆ. ಮಂಗಳಾರತಿ ಆದಾಗ ಗಂಟೆ ಒಂದು. ಒದ್ದೆ ಸೀರೆಯ ಮೇಲೇ ಬೆಲ್ಟು ಬಿಗಿದು ಹಿಂದಿರುಗಿದೆ.

ಆ ಹುಡುಗಿ ಅಲ್ಲೇ ಬಿಸಿಲಿನಲ್ಲಿ ನಿಂತಿದ್ದಳು. ಕಾರು ನಿಲ್ಲಿಸಿ ಒಂದು ದೊನ್ನೆ ಹುಗ್ಗಿ ಚಾಚಿದೆ. ಮೊದಲು ನನ್ನ ಬೆಲ್ಟು ನೋಡಿದಳು, ಆಮೇಲೆ ಕೈ ಒಡ್ಡಿದಳು.