ಕೆಂಚಿಯ ಹಣೆಯ ಬೊಟ್ಟು

ಆಗೆಲ್ಲ ಕುರಿಮಂದೆಯ ಹಿಂದೆ ನಮ್ಮ ಸಂಸಾರ ಕುದುರೆಯ ಬೆನ್ನ ಮೇಲೆ ಹೋಗುತ್ತಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ಜವನಗೊಂಡನಹಳ್ಳಿ ಕಡೆಯ ಹಟ್ಟಿ ನಮ್ಮದು. ನಮಗಿದ್ದದ್ದು ಕೆಂಚಿ ಎಂಬ ಒಂದೇ ಹೆಣ್ಣುಕುದುರೆ. ಪಾತ್ರೆ, ಕಂಬಳಿ, ನಡೆಯಲಾರದ ಮರಿಗಳು, ಕಾಲು ನೋವೆಂದು ಅಳುವ ನಾನು, ಎಲ್ಲವನ್ನೂ ಹೊರುತ್ತಿದ್ದಳು.

ಪ್ರತಿ ವರ್ಷ ಮೇವಿಗೆಂದು ಮಂದೆ ಹೊರಡುವ ಮುಂಚೆ ಕುರಿಗಳಿಗೆ ಹುಳದ ಔಷಧಿ ಹಾಕುವುದು ವಾಡಿಕೆ. ಅಪ್ಪ ಒಂದೊಂದರ ಬಾಯಿ ಬಿಡಿಸಿ ಗೊಟ್ಟ ಎನ್ನುವ ಬಿದಿರಿನ ಕೊಳವೆಯಿಂದ ಸುರಿಯುತ್ತಿದ್ದ. ಸುಣ್ಣದ ನೀರಿನಂಥ ಬಿಳಿ ಔಷಧಿ, ಮೂಗಿಗೆ ಅಡರುವ ವಾಸನೆ. ಕುಡಿದ ಕುರಿಗೆ ಮತ್ತೆ ಹಾಕದಿರಲೆಂದು ಅದರ ಹಣೆಗೆ ಕೆಮ್ಮಣ್ಣಿನ ಬೊಟ್ಟಿಡುವುದು ನನ್ನ ಕೆಲಸ. ಕೊನೆಗೆ ಕೆಂಚಿಯ ಸರದಿ. ಅವಳಿಗೂ ಅದೇ ಒಂದು ಗೊಟ್ಟ, ಅದೇ ಬೊಟ್ಟು. ಮಂದೆಯಲ್ಲಿ ಅವಳೂ ಒಬ್ಬಳು ಎಂದು ನನಗೆ ಖುಷಿ.

ಆ ವರ್ಷ ಕೆಂಚಿ ಹುರುಳಿ ತಿಂದರೂ ಸೊರಗಿದ್ದಳು. ಪಕ್ಕೆಲುಬು ಎದ್ದಿದ್ದವು, ಹೊಟ್ಟೆ ಜೋತಿತ್ತು. ಹೊರಡುವ ಹಿಂದಿನ ದಿನ ಅಜ್ಜಿ ಅಪ್ಪನನ್ನು ಕರೆದಳು.

"ಹೊಟ್ಟೇಲಿ ಇನ್ನೂ ಹುಳ ಅವೇನೋ ನೋಡಲೇ."

"ಔಷಧಿ ಹಾಕೀನಿ ಕಣವ್ವ. ಹಣೆ ನೋಡು, ಬೊಟ್ಟು ಐತೆ."

ಬೊಟ್ಟು ಕಂಡ ಮೇಲೆ ಅಜ್ಜಿಯೂ ಕಂಬಳಿ ಮಡಚಲು ಹೋದಳು.

ದಾರಿಯಲ್ಲಿ, ಹರಿಯಬ್ಬೆ ಊರಿನ ಹತ್ತಿರ ಕೆಂಚಿ ಹೊರೆ ಸಮೇತ ಕುಸಿದಳು. ಅಪ್ಪ ಯಾರದೋ ಸೈಕಲ್ ಇಸಕೊಂಡು ಹೋಗಿ ದನದ ಡಾಕ್ಟರನ್ನು ಕರೆತಂದ. ಅವರು ಕಡ್ಡಿಯಿಂದ ಲದ್ದಿ ಕೆದಕಿದರು. ಬಿಳಿ ಹುಳಗಳು ಗಿಜಿಗುಡುತ್ತಿದ್ದವು.

"ಔಷಧಿ ಎಷ್ಟು ಹಾಕಿದ್ದೆ?"

"ಕುರಿಗೆ ಹಾಕಿದಷ್ಟೇ ಸಾರ್. ಒಂದು ಗೊಟ್ಟ."

"ಏನಪ್ಪ, ಎಷ್ಟು ಕುರಿ ತೂಕ ಐತೆ ಇದು! ಅಷ್ಟರಾಗೆ ಹುಳ ಸಾಯ್ತಾವಾ? ವರ್ಷಾ ವರ್ಷಾ ಹಿಂಗೇನಾ?"

ಅಪ್ಪ ಹೌದೆಂದು ತಲೆಯಾಡಿಸಿದ. ಡಾಕ್ಟರು ತೂಕ ಅಂದಾಜು ಮಾಡಿ ಔಷಧಿ ಕುಡಿಸಿದರು. "ತಡ ಆಗೈತೆ, ನೋಡಾಣ," ಅಂದರು.

ಎರಡು ದಿನ ಹುಳ ಬಿದ್ದವು. ಮೂರನೆಯ ಬೆಳಿಗ್ಗೆ ಕೆಂಚಿ ಏಳಲಿಲ್ಲ. ಹಣೆಯ ಮೇಲೆ ಕೆಮ್ಮಣ್ಣು ಇನ್ನೂ ಅಂಟಿಕೊಂಡಿತ್ತು. ಲಂಗದ ತುದಿ ಒದ್ದೆ ಮಾಡಿ ಒರೆಸಿದೆ.

ಈಗ ತಮ್ಮನ ಮಂದೆಯ ಸಾಮಾನು ಲಗೇಜ್ ಆಟೋದಲ್ಲಿ ಹೋಗುತ್ತದೆ. ಅದಕ್ಕೆ ಹುಳವಾಗುವುದಿಲ್ಲ, ಸದ್ಯ. ಹಟ್ಟಿಯಲ್ಲಿ ಒಂದೂ ಕುದುರೆಯಿಲ್ಲ. ಔಷಧಿ ಹಾಕುವ ದಿನ ನಾನಲ್ಲಿದ್ದರೆ ತಮ್ಮ ಬಣ್ಣದ ಡಬ್ಬಿ ಚಾಚಿ, "ಅಕ್ಕಾ, ಗುರುತು ಹಾಕ್ ಬಾ," ಅನ್ನುತ್ತಾನೆ. ಸುಸ್ತು ಎನ್ನುತ್ತೇನೆ. ಸುಳ್ಳೇನಲ್ಲ, ಆದರೆ ಕಾರಣ ಅದೊಂದೇ ಅಲ್ಲ. ಕೆಂಚಿಗೆ ಆಗಬೇಕಾದ್ದೆಲ್ಲ ಆಯಿತು ಎಂದು ಎಲ್ಲರನ್ನೂ ನಂಬಿಸಿದ್ದು ನನ್ನ ಬೆರಳು.